ಒಂದಿಂಚೂ ಮುಟ್ಟಿಲ್ಲ

ಗೋಡೆ ಬಾಗಿಲಿಗಿಂತ ಎತ್ತರಕ್ಕೆ ಎದ್ದ ದಿನ ನಾಗಮಣಿ ಗಿರಣಿಯ ಮೋಟಾರು ನಿಲ್ಲಿಸಿ ಹೊಸ್ತಿಲ ಮೇಲೆ ಬಂದು ನಿಂತಳು. ಅದಕ್ಕಿಂತ ಮುಂದೆ ಹೋಗಿ ನಿಲ್ಲಲು ಜಾಗವಿರಲಿಲ್ಲ. ಆ ಹೊಸ್ತಿಲಿನಾಚೆ ಮೊದಲು ಚರಂಡಿಯ ಚಪ್ಪಡಿ, ಅದರಾಚೆ ರಸ್ತೆ, ರಸ್ತೆಯಂಚಿಗೆ ಹೊಂಗೆ ಮರ, ಮರದಡಿ ಗೂಡ್ಸ್ ಆಟೋಗಳು ಇರುತ್ತಿದ್ದವು. ಈಗ ಕೈ ಚಾಚಿದರೆ ಹಸಿ ಕಾಂಕ್ರೀಟು ಬೆರಳಿಗೆ ತಣ್ಣಗೆ ತಾಗುತ್ತಿತ್ತು. ಕತ್ತೆತ್ತಿದರೆ ಗೋಡೆ, ಗೋಡೆಯ ನೆತ್ತಿಯಲ್ಲಿ ಕಬ್ಬಿಣದ ಸರಳು, ಅದರ ಮೇಲೆ ಸೀರೆಯ ಅಂಚಿನಷ್ಟು ಆಕಾಶ.

"ಇದೇನ್ರೀ ಇದು?" ಅಂದಳು.

ಅವಳ ಗಂಡ ಪುಟ್ಟಸ್ವಾಮಿ ಒಳಗೆ ಗೋಧಿ ಜರಡಿ ಹಿಡಿಯುತ್ತಿದ್ದ. ತಲೆಯೆತ್ತಲಿಲ್ಲ. "ಸೇತುವೆ ಕಣೆ," ಅಂದ.

ಸೇತುವೆ ಬರುತ್ತದೆಂದು ಅವಳಿಗೆ ಗೊತ್ತಿಲ್ಲದೇನೂ ಇರಲಿಲ್ಲ. ಚಾಮರಾಜಪುರಂ ಕಡೆಯ ಆ ರೈಲ್ವೆ ಗೇಟು ಬಿತ್ತೆಂದರೆ ಸ್ಕೂಲ್ ವ್ಯಾನು, ಹಾಲಿನ ಗಾಡಿ, ಆಂಬುಲೆನ್ಸು ಎಲ್ಲ ಸಾಲಾಗಿ ನಿಂತುಬಿಡುತ್ತಿದ್ದವು. ಅವಳ ಮಾವ ಸಿದ್ದಪ್ಪಾಜಿ ಎದೆ ಹಿಡಿದುಕೊಂಡು ಆಟೋದಲ್ಲಿ ಒರಗಿದ್ದಾಗ ಗೇಟು ಬಿದ್ದಿತ್ತು. ಗೂಡ್ಸ್ ರೈಲು ಹೋಗಿ ಗೇಟು ಎದ್ದಾಗ ಆಸ್ಪತ್ರೆಗೆ ಹೋಗುವ ಅವಸರ ಮುಗಿದಿತ್ತು. ಮೇಲ್ಸೇತುವೆ ಬೇಕೆಂದು ಬೀದಿಯವರು ಮನವಿ ಬರೆದಾಗ ಮೊದಲು ಸಹಿ ಹಾಕಿದವರಲ್ಲಿ ನಾಗಮಣಿಯೂ ಒಬ್ಬಳು. ಹಾಕಿದ್ದಷ್ಟೇ ಅಲ್ಲ, ಮನೆಮನೆಗೆ ಹೋಗಿ ಹಾಕಿಸಿದ್ದಳು.

ಅಳತೆಯವರು ಬಂದು ಎದುರು ಸಾಲಿನ ಕಾಂಪೌಂಡುಗಳಿಗೆ ಕೆಂಪು ಗುರುತು ಹಾಕಿದರು. ಪೇಂಟ್ ಅಂಗಡಿಯ ಷಡಕ್ಷರಿಯದು ಮುಂಗಟ್ಟಿನ ಒಂದು ಪಟ್ಟಿ ಹೋಯಿತು. ಗಿರಣಿಯ ಗೋಡೆಗೆ ಗುರುತು ಬೀಳಲಿಲ್ಲ. ಹಳ್ಳಿಯಿಂದ ಬಂದ ಸಿದ್ದಪ್ಪಾಜಿ ಕೂಲಿಯಿಂದ ಶುರು ಮಾಡಿ, ಸೈಟು ಕೊಂಡು, ಕಲ್ಲು ಕೂರಿಸಿ ಕಟ್ಟಿದ ಗಿರಣಿ ಅದು. ಉಳಿಯಿತಲ್ಲ ಎಂದು ನಾಗಮಣಿ ಅವತ್ತು ಒಬ್ಬಟ್ಟು ಮಾಡಿದ್ದಳು, ಷಡಕ್ಷರಿಯ ಮನೆಗೂ ಕೊಟ್ಟು ಕಳಿಸಿದ್ದಳು, ಪಾಪ ಅವರದು ಹೋಯಿತಲ್ಲ ಅಂತ. ಷಡಕ್ಷರಿಗೆ ಸರ್ಕಾರದ ಪರಿಹಾರ ಬಂತು. ಆ ದುಡ್ಡಿನಲ್ಲಿ ಅವನು ಮಹಡಿ ಎತ್ತಿದ. ಸೇತುವೆಯ ಇಳಿಜಾರು ಅವನ ಅಂಗಡಿಯಿಂದ ದೂರದಲ್ಲೇ ನಿಂತು, ಮುಂದೆ ಅಗಲವಾದ ರಸ್ತೆಯೂ ಸಿಕ್ಕಿತು. ಆ ಇಳಿಜಾರನ್ನು ಹೊತ್ತು ನಿಂತ ಗೋಡೆ ಪೂರ್ತಿ ಗಿರಣಿಯ ಕಡೆಗೆ ಸರಿದಿತ್ತು.

ಗೋಡೆಗೂ ಬಾಗಿಲಿಗೂ ನಡುವೆ ಉಳಿದದ್ದು ಚರಂಡಿಯ ಚಪ್ಪಡಿ ಮಾತ್ರ. ಅದರ ಮೇಲೆ ಒಬ್ಬರು ನಡೆಯಬಹುದು. ಎದುರಿನಿಂದ ಇನ್ನೊಬ್ಬರು ಬಂದರೆ ಒಬ್ಬರು ಹಿಂದಕ್ಕೆ ಹೋಗಬೇಕು. ಅದೂ ಸಾಲದೆಂದು ವಿದ್ಯುತ್ತಿನವರು ರಸ್ತೆಯಲ್ಲಿದ್ದ ಕಂಬವನ್ನು ತಂದು ಅದೇ ಸಂದಿಯೊಳಗೆ ನೆಟ್ಟರು.

ಮೊದಲು ಬಿಟ್ಟದ್ದು ಹೋಟೆಲಿನವರು. ಮೂಟೆಗಟ್ಟಲೆ ಅಕ್ಕಿ, ಗೋಧಿ ತಂದು ಬೀಸಿಸಿಕೊಂಡು ಹೋಗುತ್ತಿದ್ದವರು, ಗೂಡ್ಸ್ ಆಟೋ ಹತ್ತಿರ ಬರುವುದಿಲ್ಲವೆಂದು ಬೇರೆ ಕಡೆ ನೋಡಿಕೊಂಡರು. ಆಮೇಲೆ ಸ್ಕೂಟರಿನ ಮೇಲೆ ಡಬ್ಬ ಇಟ್ಟುಕೊಂಡು ಬರುತ್ತಿದ್ದವರು. ಬೇಸಿಗೆಯಲ್ಲಿ ಮೆಣಸಿನಪುಡಿ ಮಾಡಿಸುವವರು ಸರದಿಯಲ್ಲಿ ಕೂರುತ್ತಿದ್ದ ಗಿರಣಿ ಅದು. ಆ ವರ್ಷ ಮೆಣಸಿನಕಾಯಿ ಹಾಕಿದರೆ ಘಾಟು ಹೊರಗೆ ಹೋಗಲು ದಾರಿಯಿಲ್ಲದೆ ಗೋಡೆಗೆ ಬಡಿದು ಒಳಗೇ ವಾಪಸು ಬರುತ್ತಿತ್ತು. ಹಗಲಲ್ಲೂ ದೀಪ ಉರಿಯುತ್ತಿತ್ತು. ತಲೆಯ ಮೇಲೆ ಬಸ್ಸು, ಲಾರಿ ಗಡಗಡ ಓಡುತ್ತಿದ್ದವು. ರಿಟೈರಾದ ಟೀಚರು ಪಾರ್ವತಮ್ಮ ಹಳೆಯ ಗಿರಾಕಿ, ಊರುಗೋಲು ಹಿಡಿದು ರಾಗಿ ಡಬ್ಬದೊಂದಿಗೆ ಒಂದು ದಿನ ಬಂದರು. ಸಂದಿಯ ಅರ್ಧಕ್ಕೆ ಚಪ್ಪಡಿ ಅಲುಗಾಡಿ, ಗೋಡೆ ಹಿಡಿದು ನಿಂತುಬಿಟ್ಟರು. ನಾಗಮಣಿ ಓಡಿಹೋಗಿ ಕೈಹಿಡಿದು ಕರೆತಂದಳು. ಇನ್ನು ಪ್ಯಾಕೆಟ್ ಹಿಟ್ಟೇ ಸಾಕು ಕಣಮ್ಮ ಎಂದು ಅವರು ಹೇಳಲಿಲ್ಲ, ಆದರೆ ಮತ್ತೆ ಬರಲಿಲ್ಲ.

ನಾಗಮಣಿ ಸೇತುವೆ ಯೋಜನೆಯ ಕಚೇರಿಗೆ ಹೋದಳು. ಅಲ್ಲಿನ ಅಧಿಕಾರಿಯ ಹೆಸರು ಯೋಗೇಂದ್ರ. ಜೋರು ಮಾಡುವ ಮನುಷ್ಯನಲ್ಲ. ಕೂರಿಸಿ, ನೀರು ಕೊಡಿಸಿ, ನಕ್ಷೆಯನ್ನು ಮೇಜಿನ ಮೇಲೆ ಹರಡಿ ತೋರಿಸಿದ.

"ನೋಡಿ ಅಮ್ಮಾ, ಇದು ನಿಮ್ಮ ಸ್ವತ್ತು. ಇದು ಗೋಡೆ. ನಿಮ್ಮ ಗಡಿ ಒಳಗೆ ನಾವು ಒಂದಿಂಚೂ ಮುಟ್ಟಿಲ್ಲ. ಗೋಡೆ ನಿಂತಿರೋದು ಸರ್ಕಾರದ ರಸ್ತೆ ಮೇಲೆ."

"ರಸ್ತೆ ಸರ್ಕಾರದ್ದೇ ಸ್ವಾಮಿ. ರಸ್ತೆ ಇದೆ ಅಂತಾನೇ ನಮ್ಮ ಮಾವ ಅಲ್ಲಿ ಬಾಗಿಲು ಇಟ್ಟಿದ್ದು."

"ಬಾಗಿಲು ಹಾಗೇ ಇದೆಯಲ್ಲ."

"ಬಾಗಿಲಿದೆ. ಬರೋರು ಎಲ್ಲಿಂದ ಬರ್ಬೇಕು?"

"ಪಕ್ಕದಲ್ಲಿ ದಾರಿ ಬಿಟ್ಟಿದ್ದೀವಿ."

"ಅದು ದಾರಿ ಅಲ್ಲ, ಸಂದಿ. ನೀವೊಂದ್ಸಲ ಬಂದು ನೋಡಿ."

ಯೋಗೇಂದ್ರ ನಕ್ಷೆಯನ್ನು ಸುತ್ತಿಟ್ಟ. "ಸಾರ್ವಜನಿಕರ ಅನುಕೂಲಕ್ಕೆ ಆಗಿರೋ ಕೆಲಸ. ಸ್ವಲ್ಪ ಹೊಂದ್ಕೋಬೇಕು. ಜಾಗ ಕಳ್ಕೊಂಡೋರಿಗೆ ಪರಿಹಾರ ಕೊಟ್ಟಿದ್ದೀವಿ. ನೀವು ಜಾಗ ಕಳ್ಕೊಂಡಿಲ್ಲ. ಅರ್ಜಿ ಕೊಟ್ಟು ಹೋಗಿ, ನೋಡೋಣ."

ಅವನ ಮೆದು ಮಾತಿಗೆ ಅವಳಿಗೆ ಬೆಂಕಿ ಬಿದ್ದಂತಾಯಿತು. ಬೈದಿದ್ದರೆ ಬೈಯಬಹುದಿತ್ತು. ಸಾರ್ವಜನಿಕರು ಎನ್ನುವ ಆ ಮಾತಿನೊಳಗೆ ತಾನಿಲ್ಲವೇ? ಊರಿಗೆಲ್ಲ ಬೇಕಾದ ಸೇತುವೆಯ ಖರ್ಚನ್ನು ಊರೆಲ್ಲ ಹಂಚಿಕೊಂಡು ಹೊರಬೇಕಲ್ಲದೆ ತನ್ನೊಬ್ಬಳ ಬಾಗಿಲ ಮೇಲೆ ಹೇರಿಬಿಟ್ಟರೆ ಹೇಗೆ? ಬಸ್ಸಿನಲ್ಲಿ ಕೂತು ಇದನ್ನೆಲ್ಲ ಯೋಚಿಸಿದಳು. ಕಚೇರಿಯಲ್ಲಿ ಹೊಳೆದಿರಲಿಲ್ಲ. ಅದಕ್ಕೂ ಸಿಟ್ಟು ಬಂತು.

ಸ್ವಲ್ಪ ಕಾಲದ ಮೇಲೆ ಉತ್ತರ ಬಂತು. ಸ್ವತ್ತಿನ ಯಾವ ಭಾಗವನ್ನೂ ಸ್ವಾಧೀನಪಡಿಸಿಕೊಂಡಿಲ್ಲವಾದ್ದರಿಂದ ಪರಿಹಾರದ ಪ್ರಶ್ನೆ ಉದ್ಭವಿಸುವುದಿಲ್ಲ ಎಂದಿತ್ತು.

ಬೀದಿಯವರನ್ನು ಕೇಳಿದಳು. ಸೇತುವೆಗಾಗಿ ಅವಳೊಂದಿಗೆ ಸಹಿ ಹಾಕಿದವರೇ ಈಗ ಅವಳ ಅರ್ಜಿಗೆ ಸಹಿ ಹಾಕಲು ಹಿಂದೆಮುಂದೆ ನೋಡಿದರು. ಸೇತುವೆ ಬೇಡ ಅಂದ ಹಾಗಾಗುತ್ತಲ್ಲ ಎಂದರು ಕೆಲವರು. ಷಡಕ್ಷರಿ ಅಂಗಡಿಯ ಮುಂದೆ ಕುರ್ಚಿ ಹಾಕಿಸಿ ಕೂರಿಸಿದ.

"ಸಹಿ ಹಾಕೋದಕ್ಕೇನು ನಾಗಮಣಕ್ಕ, ಹಾಕ್ಬಹುದು. ಆದ್ರೆ ನಂದಾದ್ರೂ ಜಾಗ ಹೋಗಿತ್ತು. ನಿಮ್ದು ಏನೂ ಹೋಗಿಲ್ವಲ್ಲ?"

"ಬನ್ನಿ ಅದಲುಬದಲು ಮಾಡ್ಕೊಳ್ಳೋಣ," ಅಂದಳು ನಾಗಮಣಿ. "ಏನೂ ಹೋಗದೆ ಇರೋ ನನ್ನ ಗಿರಣಿ ನೀವು ತಗೊಳ್ಳಿ. ಹೋಗಿರೋ ನಿಮ್ಮ ಅಂಗಡಿ ನನಗೆ ಕೊಡಿ."

ಷಡಕ್ಷರಿ ನಕ್ಕ. ಅವಳು ನಗಲಿಲ್ಲ. ಕೊನೆಗೂ ಅವನು ಸಹಿ ಹಾಕಲಿಲ್ಲ.

ಇದೆಲ್ಲವನ್ನೂ ಹೇಗೋ ನುಂಗಿಕೊಂಡುಬಿಡುತ್ತಿದ್ದಳೇನೋ. ಆದರೆ ಗಿರಣಿಯ ಲೈಸೆನ್ಸು ನವೀಕರಣಕ್ಕೆ ಹೋದಾಗ ಇನ್ನೊಂದು ಕಚೇರಿಯವರು ಬಂದು ನೋಡಿ, ಮೋಟಾರು ನಡೆಸುವ ಕಟ್ಟಡಕ್ಕೆ ಬೆಂಕಿ ನಂದಿಸುವ ವಾಹನ ಬರುವಷ್ಟು ದಾರಿ ಇರಬೇಕು, ಇಲ್ಲಿ ಇಲ್ಲ, ಕೊಡಲಾಗದು ಎಂದು ಬರೆದುಕೊಟ್ಟುಬಿಟ್ಟರು. ಅದೇ ವಾರ ಆಸ್ತಿ ತೆರಿಗೆಯ ನೋಟಿಸೂ ಬಂತು. ಸೇತುವೆಯಿಂದಾಗಿ ಪ್ರದೇಶ ಅಭಿವೃದ್ಧಿಯಾಗಿದೆಯಂತೆ, ತೆರಿಗೆ ಏರಿದೆಯಂತೆ.

ನಾಗಮಣಿ ಎರಡನ್ನೂ ಹಿಟ್ಟಿನ ತೊಟ್ಟಿಯ ಮೇಲಿಟ್ಟುಕೊಂಡು ಕೂತಳು. ದಾರಿ ಮುಚ್ಚಿದ್ದು ಸರ್ಕಾರ. ದಾರಿ ಇದೆಯಲ್ಲ ಅಂದದ್ದು ಸರ್ಕಾರ. ದಾರಿ ಇಲ್ಲ, ಬಾಗಿಲು ಹಾಕು ಅನ್ನುವುದೂ ಸರ್ಕಾರ. ಬಾಗಿಲು ಹಾಕಿದ ಮೇಲೂ ಕಂದಾಯ ಕಟ್ಟು ಅನ್ನುವುದೂ ಅದೇ.

"ಬುಡು ಅತ್ಲಾಗೆ," ಅಂದ ಪುಟ್ಟಸ್ವಾಮಿ. "ಅವರ್ ಜೊತೆ ಗುದ್ದಾಡಕ್ಕಾದದ? ರಾಜೀವನಗರದಲ್ಲಿ ನಮ್ಮಣ್ಣನ ಮಗನ ಕಡೆಯೋರ ಮಳಿಗೆ ಖಾಲಿ ಅದೆ. ಸಣ್ಣ ಮಿಷನ್ ಅಲ್ಲಿಗೆ ಸಾಗ್ಸ್‌ಬುಡಾನ. ಒಪ್ಪತ್ತಿನ ಊಟಕ್ಕೇನು ಮೋಸ ಇಲ್ಲ."

"ಸಾಗ್ಸಿ. ನಾನು ಬೇಡ ಅಂದ್ನಾ? ಆದ್ರೆ ಇದನ್ನ ಬಿಡಲ್ಲ."

ಅವಳು ವಕೀಲೆ ಸಂಘಮಿತ್ರಳನ್ನು ಹುಡುಕಿಕೊಂಡು ಜಯಲಕ್ಷ್ಮಿಪುರಂಗೆ ಹೋದಳು. ಸಂಘಮಿತ್ರಳ ತಾಯಿ ಬಸವಮ್ಮ ಒಂದು ಕಾಲಕ್ಕೆ ಗೇಟಿನ ಹತ್ತಿರ ಅಕ್ಕಿರೊಟ್ಟಿ ಸುಟ್ಟು ಮಾರುತ್ತಿದ್ದವಳು, ಹಿಟ್ಟು ಬೀಸಿಸಲು ದಿನಾ ಗಿರಣಿಗೆ ಬರುತ್ತಿದ್ದವಳು. ಮಗಳು ಕಾನೂನು ಓದಿ, ಎರಡನೇ ಮಹಡಿಯ ಸಣ್ಣ ಕೋಣೆಯಲ್ಲಿ ಬುದ್ಧನ ಒಂದು ಪಟ, ಅಂಬೇಡ್ಕರರ ಒಂದು ಪಟ ಹಾಕಿಕೊಂಡು ಕೂತಿದ್ದಳು.

ಕಾಗದಗಳನ್ನು ಅವಳು ಒಂದೊಂದಾಗಿ ಓದಿ ಜೋಡಿಸಿಟ್ಟಳು. ಆಮೇಲೆ ಹೇಳಿದಳು. "ಸರ್ಕಾರಕ್ಕೆ ಜಾಗ ಬೇಕಂದ್ರೆ ತಗೋಬಹುದು ನಾಗಮಣಕ್ಕ, ಬೆಲೆ ಕೊಟ್ಟು. ಇಲ್ಲಿ ಅವರು ಮಾಡಿರೋದೇ ಬೇರೆ. ಕಾಗದದಲ್ಲಿ ತಗೊಂಡಿಲ್ಲ. ನಿಮ್ಮ ಕೈಲೇ ಬಿಟ್ಟು, ಯಾತಕ್ಕೂ ಬಾರದ ಹಾಗೆ ಮಾಡಿದಾರೆ. ಕಾನೂನಿನ ದಾರಿ ಬಿಟ್ಟು ಯಾರ ಆಸ್ತೀನೂ ಕಿತ್ಕೊಳ್ಳೋ ಹಾಗಿಲ್ಲ ಅಂತ ಸಂವಿಧಾನದಲ್ಲೇ ಇದೆ. ಇದೂ ಕಿತ್ಕೊಂಡ ಹಾಗೇನೇ ಅಂತ ನಾವು ಕೋರ್ಟಿಂದ ಹೇಳಿಸ್ಬೇಕು."

"ಹೇಳ್ತಾರಾ?"

"ಗ್ಯಾರಂಟಿ ಕೊಡಲ್ಲ. ದಾರಿ ಇಲ್ಲ ಅಂತ ಸರ್ಕಾರದೋರೇ ಬರ್ದು ಕೊಟ್ಟಿದಾರಲ್ಲ, ಅದು ಅನುಕೂಲ. ಆದ್ರೆ ಎಳೀತಾರೆ. ನಿಮಗೆ ಬೇಜಾರಾಗೋ ತನಕ ಎಳೀತಾರೆ. ಅವರಿಗೆ ಅದು ಕೆಲಸ, ನಿಮಗೆ ಅದು ಜೀವನ."

"ನನಗೆ ಬೇಜಾರು ಆಗಿಯೇ ಬಂದಿದೀನಿ ಕಣಮ್ಮ. ಹಾಕು."

ದಾವೆ ಹಾಕಿದರು. ಪುಟ್ಟಸ್ವಾಮಿ ರಾಜೀವನಗರದ ಮಳಿಗೆಯಲ್ಲಿ ಸಣ್ಣ ಮಿಷನ್ ಕೂರಿಸಿದ. ದೊಡ್ಡ ಕಲ್ಲುಗಳು, ಮೆಣಸಿನಪುಡಿಯ ಯಂತ್ರ ಹಳೆಯ ಗಿರಣಿಯಲ್ಲೇ ಉಳಿದವು. ಅವನ್ನು ಹೊರಗೆ ತರಲು ಆ ಸಂದಿಯಲ್ಲಿ ಸಾಧ್ಯವೇ ಇರಲಿಲ್ಲ. ಕೋರ್ಟಿನ ದಿನ ನಾಗಮಣಿ ಬೆಳಗ್ಗೆ ಮಿಷನ್ ನಡೆಸಿ, ಸೀರೆ ಬದಲಿಸಿ ಹೊರಡುತ್ತಿದ್ದಳು. ಎಷ್ಟೋ ಸಲ ಸರ್ಕಾರಿ ವಕೀಲರು ಬರುತ್ತಿರಲಿಲ್ಲ. ಬಂದರೆ ಕಡತ ಬಂದಿರುತ್ತಿರಲಿಲ್ಲ. ಕೂದಲಲ್ಲಿ ಹಿಟ್ಟಿನ ಬಿಳುಪು, ಹಣೆಯಲ್ಲಿ ಬೆವರು, ಮುಂದಿನ ದಿನಾಂಕ ಕೇಳಿಸಿಕೊಂಡು ವಾಪಸು.

ಹಾಗೆ ಎಳೆಯುತ್ತಿರುವಾಗಲೇ ಯೋಗೇಂದ್ರ ಗಂಡಹೆಂಡಿರಿಬ್ಬರನ್ನೂ ಕರೆಸಿದ. ಈ ಸಲ ಕಾಫಿ ಕೊಡಿಸಿದ. ಮೇಲಿನವರ ಜೊತೆ ಮಾತಾಡಿದ್ದೇನೆ, ಒಂದಿಷ್ಟು ಮೊತ್ತ ಮಂಜೂರು ಮಾಡಿಸಬಹುದು, ದಾವೆ ವಾಪಸು ತಗೊಳ್ಳಿ ಎಂದ. ಕೊಡುವುದು ಕಮ್ಮಿಯೇನೂ ಇರಲಿಲ್ಲ. ಪುಟ್ಟಸ್ವಾಮಿಯ ಮುಖ ಅರಳಿದ್ದು ನಾಗಮಣಿಗೆ ಕಂಡಿತು.

"ಏನಂತ ಕೊಡ್ತೀರಿ?" ಅಂತ ಕೇಳಿದಳು.

"ಅಂದ್ರೆ?"

"ಯಾತಕ್ಕೆ ಕೊಡ್ತಿದೀವಿ ಅಂತ ಬರೀತೀರಿ?"

ಯೋಗೇಂದ್ರ ಕರಡು ತೋರಿಸಿದ. ಸದರಿಯವರ ಯಾವುದೇ ಹಕ್ಕನ್ನು ಒಪ್ಪದೆ, ಕೇವಲ ಮಾನವೀಯ ನೆಲೆಯಲ್ಲಿ, ಎಂದಿತ್ತು. ಹಾಗೆ ಬರೆಯದಿದ್ದರೆ ನಾಳೆ ಎಲ್ಲರೂ ಕೇಳಿಕೊಂಡು ಬರ್ತಾರೆ ಅಮ್ಮಾ, ಅದೊಂದು ಶಬ್ದ ಅಷ್ಟೇ ಎಂದ.

ನಾಗಮಣಿ ಕಾಫಿಯ ಲೋಟವನ್ನು ಕೆಳಗಿಟ್ಟಳು. "ನಮ್ಮನೆ ಸುಟ್ಟು ಹೋಯ್ತಾ ಸ್ವಾಮಿ? ನೆರೆ ಬಂತಾ? ಪಾಪ ಅಂತ ಕೊಡೋದಕ್ಕೆ? ನೀವು ಗೋಡೆ ಕಟ್ಟಿ ನಮ್ಮದನ್ನ ಕಿತ್ಕೊಂಡ್ರಿ. ಕಿತ್ಕೊಂಡಿದೀವಿ, ಅದಕ್ಕೆ ಕೊಡ್ತಿದೀವಿ ಅಂತ ಬರೀರಿ. ಇದರಲ್ಲಿ ಅರ್ಧ ಕೊಟ್ರೂ ಸಹಿ ಹಾಕ್ತೀನಿ."

ಹಾಗೆ ಬರೆಯಲಾಗುವುದಿಲ್ಲ ಎಂದ ಯೋಗೇಂದ್ರ. ಅವಳು ಎದ್ದಳು.

ಹೊರಗೆ ಬಂದ ಮೇಲೆ ಪುಟ್ಟಸ್ವಾಮಿ ಜೀವಮಾನದಲ್ಲಿ ಮೊದಲ ಸಲ ಬೀದಿಯಲ್ಲಿ ಹೆಂಡತಿಯ ಮೇಲೆ ದನಿ ಎತ್ತಿದ. "ನಿಂಗೆ ಬೇಕಾಗಿರೋದು ದುಡ್ಡಾ, ಅವರ್ ಬಾಯಲ್ಲಿ ಒಂದ್ ಮಾತಾ? ಮಾತು ಇಟ್ಕಂಡು ಏನ್ ಮಾಡಾನ? ಉಪ್ಪು ಹಾಕ್ಕಂಡು ನೆಕ್ಕಾನ?"

"ದಾನ ಇಸ್ಕೊಂಡು ಮನೇಗೆ ಹೋದ್ರೆ ನಿಮ್ಮಪ್ಪ ಕಟ್ಟಿದ್ದಕ್ಕೆ ಬೆಲೆ ಇಲ್ಲ ಅಂತ ನಾವೇ ಬರ್ಕೊಟ್ಟ ಹಾಗೆ."

"ನಮ್ಮಪ್ಪನ್ನ ಎಳೀಬೇಡ ನೀನು."

ಅವನು ಬೇರೆ ಬಸ್ಸು ಹತ್ತಿಕೊಂಡು ಹೋದ. ಆಮೇಲೆ ಬಹಳ ದಿನ ಮನೆಯಲ್ಲಿ ಮಾತು ಉಪ್ಪು ಹುಳಿಗಷ್ಟೇ ಉಳಿಯಿತು. ನಾಗಮಣಿಗೆ ಅನುಮಾನವಾಗದೆ ಇರಲಿಲ್ಲ. ರಾಜೀವನಗರದ ಮಳಿಗೆಯಲ್ಲಿ ಅವನು ಸೊಂಟ ಹಿಡಿದು ಮೂಟೆ ಇಳಿಸುವುದನ್ನು ಕಂಡಾಗಲೆಲ್ಲ, ತನ್ನ ಹಟದ ಭಾರ ಅವನ ಬೆನ್ನ ಮೇಲೆ ಬಿದ್ದಿದೆಯೇನೋ ಅನ್ನಿಸುತ್ತಿತ್ತು. ಆದರೆ ಆ ಕರಡಿನ ಸಾಲು ನೆನಪಾದರೆ ಆ ಅನುಮಾನ ನಿಲ್ಲುತ್ತಿರಲಿಲ್ಲ.

ಸ್ಥಳ ನೋಡಿ ವರದಿ ಕೊಡಲು ಕೋರ್ಟು ರವಿಚಂದ್ರ ಎಂಬ ಹಿರಿಯ ವಕೀಲರನ್ನು ಕಮಿಷನರನ್ನಾಗಿ ನೇಮಿಸಿತು. ಅವರು ಬಂದ ಬೆಳಗ್ಗೆ ಸಂದಿಯ ಬಾಯಲ್ಲಿ ಎಲ್ಲರೂ ಸೇರಿದ್ದರು. ಯೋಗೇಂದ್ರ, ಸಂಘಮಿತ್ರ, ಸರ್ಕಾರಿ ವಕೀಲರು, ಸೇತುವೆಯ ಮೇಲಿಂದ ಬಗ್ಗಿ ನೋಡುವ ಒಂದಿಷ್ಟು ಜನ. ರವಿಚಂದ್ರ ದಪ್ಪ ಮನುಷ್ಯ. ಕಂಬದ ಹತ್ತಿರ ಅಡ್ಡ ತಿರುಗಿ, ಹೊಟ್ಟೆ ಎಳೆದುಕೊಂಡು ದಾಟಬೇಕಾಯಿತು. ಕೋಟಿನ ಬೆನ್ನಿಗೆಲ್ಲ ಸುಣ್ಣ ಹತ್ತಿತು. ಗಿರಣಿಯ ಬಾಗಿಲು ತಲುಪಿ ಕೊಡವಿಕೊಳ್ಳುತ್ತ ಕೇಳಿದರು, "ಇಲ್ಲಿ ವ್ಯಾಪಾರ ನಡೆಸಬಹುದು ಅಂತೀರಾ?"

"ಜನ ಓಡಾಡಬಹುದು ಸಾರ್," ಎಂದ ಯೋಗೇಂದ್ರ ಸಂದಿಯ ಆ ತುದಿಯಿಂದ. "ಬೇಕಾದ್ರೆ ಕೈಯಲ್ಲಿ ಸಾಮಾನೂ ತರಬಹುದು."

ಪುಟ್ಟಸ್ವಾಮಿ ಅಲ್ಲಿಯವರೆಗೂ ದೂರದಲ್ಲಿ ಕೈಕಟ್ಟಿ ನಿಂತಿದ್ದ. ರಾಜೀವನಗರಕ್ಕೆಂದು ಆಟೋದಲ್ಲಿ ಗೋಧಿ ಮೂಟೆಗಳಿದ್ದವು. ಯಾರೂ ಹೇಳಲಿಲ್ಲ, ಯಾರನ್ನೂ ಅವನು ಕೇಳಲಿಲ್ಲ. ಒಂದು ಮೂಟೆ ಬೆನ್ನಿಗೆ ಹಾಕಿಕೊಂಡು ಸಂದಿಯೊಳಗೆ ನುಗ್ಗಿದ. ಸ್ವಲ್ಪ ದೂರ ಬಂದ. ಕಂಬದ ಹತ್ತಿರ ಮೂಟೆ ಸಿಕ್ಕಿಕೊಂಡಿತು. ಅಡ್ಡ ತಿರುಗಿ ನೋಡಿದ, ಬೆನ್ನಿಂದ ತೋಳಿಗೆ ಇಳಿಸಿ ನೋಡಿದ, ತಲೆಯ ಮೇಲೆ ಎತ್ತಲು ನೋಡಿದ. ಚೀಲ ಹರಿದು ಗೋಧಿ ಚರಂಡಿಯ ಬಿರುಕಿನೊಳಗೆ ಸುರಿಯತೊಡಗಿತು. ಅದನ್ನು ತಡೆಯಲು ಹೋಗಿ ಅವನ ಎರಡೂ ಮುಂಗೈ ಗೋಡೆಗೆ ಉಜ್ಜಿ ತರಚಿದವು. ಆದರೂ ಬಿಡಲಿಲ್ಲ, ನೂಕುತ್ತಲೇ ಇದ್ದ.

"ಸಾಕು ಬಿಡ್ರೀ," ಅಂದಳು ನಾಗಮಣಿ.

ಅವನು ಮೂಟೆಯನ್ನು ಅಲ್ಲೇ ಇಳಿಸಿ ಯೋಗೇಂದ್ರನ ಕಡೆ ತಿರುಗಿದ. "ನಾನು ಈ ಊರಲ್ಲಿ ಹುಟ್ಟಿ ಬೆಳೆದೋನು ಸಾ. ಇದೇ ಬಾಗಿಲಿಗೆ ಮೂಟೆ ಹೊತ್ತೋನು. ಸೇತುವೆ ಕಟ್ಟಿದ್ದು ತಪ್ಪು ಅಂತ ನಾನೂ ಅನ್ನಲ್ಲ, ಇವಳೂ ಅನ್ನಲ್ಲ. ನಮ್ಮದು ಹೋಗಿಲ್ಲ ಅಂತ ಮಾತ್ರ ಅನ್‌ಬ್ಯಾಡಿ. ಅಂಗೆ ಅಂದ್ರೆ ನಾವು ಸುಳ್ಳು ಹೇಳ್ತಾ ಇದೀವಿ ಅಂತಾಯ್ತದೆ."

ಯೋಗೇಂದ್ರ ತನ್ನ ಮೊಬೈಲು ನೋಡಿಕೊಂಡ. ರವಿಚಂದ್ರ ಸಂದಿಯನ್ನೂ, ಕಂಬವನ್ನೂ, ಚೆಲ್ಲಿದ ಗೋಧಿಯನ್ನೂ ಸೇರಿಸಿ ಫೋಟೋ ತೆಗೆಸಿದರು. ಆ ಮಧ್ಯಾಹ್ನ ನಾಗಮಣಿ ಗಂಡನ ಕೈಗೆ ಅರಿಶಿನ ಹಚ್ಚಿದಳು. ಮಾನವೀಯ ನೆಲೆಯ ಸುದ್ದಿಯನ್ನು ಪುಟ್ಟಸ್ವಾಮಿ ಮತ್ತೆ ಯಾವತ್ತೂ ಎತ್ತಲಿಲ್ಲ.

ತೀರ್ಪು ಬಂದ ದಿನ ನ್ಯಾಯಾಧೀಶರು ಓದಿದ್ದೆಲ್ಲ ನಾಗಮಣಿಗೆ ಅರ್ಥವಾಗಲಿಲ್ಲ. ಸಂಘಮಿತ್ರ ಹೊರಗಿನ ಬೆಂಚಿನ ಮೇಲೆ ಕೂರಿಸಿಕೊಂಡು ಕನ್ನಡದಲ್ಲಿ ಬಿಡಿಸಿ ಹೇಳಿದಳು. ಹೋಗಿಬರಲು ದಾರಿಯಿಲ್ಲದಂತೆ ಮಾಡಿದ ಮೇಲೆ ಆ ಸ್ವತ್ತನ್ನು ತೆಗೆದುಕೊಂಡಂತೆಯೇ ಸರಿ, ಗಡಿ ದಾಟಿಲ್ಲವೆಂಬ ಮಾತು ಇಲ್ಲಿ ನಿಲ್ಲುವುದಿಲ್ಲ, ಕಾನೂನಿನ ಪ್ರಕಾರ ಬೆಲೆ ಕಟ್ಟಿ ಪರಿಹಾರ ಕೊಡತಕ್ಕದ್ದು, ಗೋಡೆ ಎದ್ದ ದಿನದಿಂದ ಬಡ್ಡಿ ಸಮೇತ.

"ತೆಗೆದುಕೊಂಡಂತೆ ಅಂತಾನೇ ಬರೆದಿದಾರಾ?"

"ಅಂತಾನೇ."

ನಾಗಮಣಿ ಇನ್ನೊಂದು ಸಲ ಓದಿಸಿ ಕೇಳಿಸಿಕೊಂಡಳು. ಸಂತೋಷವಾಯಿತು. ಆದರೆ ಆ ಒಂದು ಮಾತು ಹೇಳಿಸಲು ಇಷ್ಟು ವರ್ಷ, ಇಷ್ಟು ಬಸ್ಸು, ಗಂಡನ ಎರಡು ಕೈ ಬೇಕಾಯಿತಲ್ಲ ಎಂಬ ಸಿಟ್ಟು ಆ ಸಂತೋಷದ ಪಕ್ಕದಲ್ಲೇ ಬಂದು ಕೂತಿತು, ಏಳಲಿಲ್ಲ. ಕಣ್ಣಿಗೆ ಕಾಣುವುದನ್ನು ಕಾಣುತ್ತದೆ ಅನ್ನಲು ಸರ್ಕಾರಕ್ಕೇನು ಕಷ್ಟವಿತ್ತು?

ರಾಜೀವನಗರದ ಮಳಿಗೆಯಲ್ಲಿ ಒಂದು ಬೆಳಗ್ಗೆ ಅವಳು ಯಾರದೋ ನುಚ್ಚಕ್ಕಿ ಬೀಸುತ್ತಿದ್ದಾಗ ಸಂಘಮಿತ್ರಳ ಫೋನು ಬಂತು. ಮಿಷನ್ನಿನ ಸದ್ದಿಗೆ ಕೇಳಿಸದೆ ಬಾಗಿಲ ಹೊರಗೆ ಬಂದು ನಿಂತಳು. ಸೇತುವೆ ಕಚೇರಿಯವರು ಹೈಕೋರ್ಟಿಗೆ ಮೇಲ್ಮನವಿ ಹಾಕಿದ್ದರು. ಮೊತ್ತದ ಒಂದು ಪಾಲನ್ನು ಠೇವಣಿ ಇಡಿ, ಆಮೇಲೆ ನಿಮ್ಮ ಮಾತು ಕೇಳುತ್ತೇವೆ ಎಂದು ಹೈಕೋರ್ಟು ಅವರಿಗೆ ಹೇಳಿತ್ತು. ಇಟ್ಟಿದ್ದರು. ಅದನ್ನು ನಾಗಮಣಿ ಈಗಲೇ ತೆಗೆದುಕೊಳ್ಳಬಹುದಂತೆ. ಉಳಿದದ್ದಕ್ಕೆ ವಾದ ಬೆಂಗಳೂರಿನಲ್ಲಿ.

"ಇಷ್ಟಕ್ಕೇ ರಾಜಿ ಮಾಡ್ಕೊಳ್ಳೋಣ ಅಂತ ಅವರ ಕಡೆಯಿಂದ ಮತ್ತೆ ಕೇಳ್ತಾ ಇದಾರೆ ನಾಗಮಣಕ್ಕ," ಎಂದಳು ಸಂಘಮಿತ್ರ. "ಆದ್ರೆ ತೀರ್ಪು ರದ್ದಾಗ್ಬೇಕಂತೆ, ತೆಗೆದುಕೊಂಡಂತೆ ಅನ್ನೋ ಮಾತೂ ಅದರ ಜೊತೆಗೇ ಹೋಗುತ್ತೆ. ಏನು ಹೇಳ್ಲಿ?"

ನಾಗಮಣಿ ಒಳಗೆ ನೋಡಿದಳು. ಪುಟ್ಟಸ್ವಾಮಿ ಜರಡಿ ಕೆಳಗಿಟ್ಟು ಅವಳ ಮುಖವನ್ನೇ ನೋಡುತ್ತಿದ್ದ. ವಿಷಯ ಹೇಳಿದಳು. ಅವನು ಕೈಗೆ ಹತ್ತಿದ ಹಿಟ್ಟನ್ನು ಪಂಚೆಗೆ ಒರೆಸಿಕೊಂಡು, "ಬೆಂಗಳೂರಿಗೆ ಬೆಳಗಿನ ರೈಲೋ, ಬಸ್ಸೋ?" ಎಂದು ಕೇಳಿದ.

"ಬರ್ತೀವಿ ಅಂತ ಹೇಳಮ್ಮ," ಎಂದಳು ನಾಗಮಣಿ ಫೋನಿಗೆ. ದಿನಾಂಕ ಕೇಳಿಕೊಂಡು ಒಳಗೆ ಹೋಗಿ, ಕಾಯುತ್ತಿದ್ದ ಹೆಂಗಸಿನ ಡಬ್ಬಕ್ಕೆ ಹಿಟ್ಟು ತುಂಬತೊಡಗಿದಳು.